ಪರಾಗ ಮೊಳೆಯುತ್ತಿಲ್ಲವೇ? ಕ್ಯಾಲ್ಸಿಯಂ ಕಡೆಯಿಂದ ದೋಷ ಹುಡುಕುವ ಕೈಪಿಡಿ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಸ್ಲೈಡ್ ಮೇಲೆ ಪರಾಗ ಮೊಳೆಸುವ ಪ್ರಯೋಗ ಇದೆ. ಓದುವುದಕ್ಕೆ ಬಹಳ ಸುಲಭ. 10 ಪರ್ಸೆಂಟ್ ಸಕ್ಕರೆ ನೀರಿನ ಒಂದು ಹನಿ, ಅದರ ಮೇಲೆ ಚಿಟಿಕೆ ಪರಾಗ, 15ರಿಂದ 30 ನಿಮಿಷ ಬಿಟ್ಟು ನೋಡಿದರೆ ಪರಾಗದಿಂದ ಹೊರಬಂದ ನಳಿಕೆ ಕಾಣುತ್ತದೆ. ಆದರೆ ಲ್ಯಾಬ್‌ನಲ್ಲಿ ಒಂದು ಬೆಂಚಿನವರಿಗೆ ಬರುತ್ತದೆ, ಪಕ್ಕದ ಬೆಂಚಿನವರಿಗೆ ಬರುವುದಿಲ್ಲ. ಬರದವರು ಪುಸ್ತಕದ ಚಿತ್ರ ನೋಡಿ ರೆಕಾರ್ಡಿಗೆ ಇಳಿಸಿಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಬದುಕಿರುವ ಒಂದು ಕೋಶ ಕಣ್ಣೆದುರೇ ಉದ್ದವಾಗುತ್ತಾ ಹೋಗುವುದನ್ನು ಸಾದಾ ಮೈಕ್ರೋಸ್ಕೋಪಿನಲ್ಲಿ ಇಷ್ಟು ಸುಲಭವಾಗಿ ನೋಡಲು ಸಿಗುವ ಅವಕಾಶಗಳು ತೀರಾ ಕಡಿಮೆ.

ಬರದಿದ್ದಾಗ ಎಲ್ಲರೂ ಮೊದಲು ಸಕ್ಕರೆ ಬದಲಾಯಿಸುತ್ತಾರೆ. ಆಮೇಲೆ ಹೂ ಬದಲಾಯಿಸುತ್ತಾರೆ. ಕ್ಯಾಲ್ಸಿಯಂ ಕಡೆ ಯಾರೂ ನೋಡುವುದಿಲ್ಲ. ಆದರೆ ಕ್ಯಾಲ್ಸಿಯಂ ಸಾಕಾಗಿಲ್ಲ ಎಂದು ತಿಳಿಯಲು ಒಂದು ಪೈಸೆಯೂ ಖರ್ಚಿಲ್ಲದ ಪರೀಕ್ಷೆ ಇದೆ, ಸ್ಲೈಡ್ ಮೇಲಿನ ಪರಾಗವೇ ಅದನ್ನು ಹೇಳುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಕಾಣುತ್ತಿರುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಿ. ಮುಂದಿನ ಎರಡು ಭಾಗ ಮಾತ್ರ ಎಲ್ಲರೂ ಓದಿ.

ಕೈ ಹಾಕುವ ಮುನ್ನ

ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ತಾವಾಗಿ ಉರಿಯುವುದಿಲ್ಲ, ಆದರೆ ಪಕ್ಕದಲ್ಲಿ ಉರಿಯುವ ವಸ್ತು ಇದ್ದರೆ ಬೆಂಕಿಯನ್ನು ಜೋರು ಮಾಡುತ್ತವೆ. ಸ್ಪಿರಿಟ್, ಕಾಗದದ ರಾಶಿ, ಹತ್ತಿ ಇವುಗಳಿಂದ ದೂರ ಇಡಿ. ಬೋರಿಕ್ ಆಸಿಡ್ ಪುಡಿ ಹೊಟ್ಟೆಗೆ ಹೋಗಬಾರದು. ಬಿಳಿ ಪುಡಿಗಳೆಲ್ಲ ನೋಡಲು ಒಂದೇ ಥರ ಇರುತ್ತವೆ, ಲೇಬಲ್ ಹೋದ ಬಾಟಲಿಯನ್ನು ಬಳಸಲೇಬೇಡಿ. ಉಳಿದ ಸಕ್ಕರೆ ದ್ರಾವಣ ಎಷ್ಟೇ ಸಿಹಿ ಇರಲಿ, ಅದರಲ್ಲಿ ಬೋರಿಕ್ ಆಸಿಡ್ ಇದೆ. ಮಕ್ಕಳ ಕೈಗೆ ಸಿಗದಂತೆ ಚೆಲ್ಲಿಬಿಡಿ.

ವಿಂಕಾ ಅಂತ ಕರೆಯುವ ನಿತ್ಯಪುಷ್ಪ, ಕಣಗಿಲೆ, ದತ್ತೂರಿ ಇವೆಲ್ಲ ವಿಷದ ಗಿಡಗಳು. ಹೂ ಸೀಳಿದ ಕೈಯಲ್ಲಿ ಕಣ್ಣು ಉಜ್ಜಬೇಡಿ, ಸೋಪು ಹಾಕಿ ತೊಳೆಯಿರಿ. ಕಾಂಗ್ರೆಸ್ ಗಿಡದ ಪರಾಗವನ್ನು ಪ್ರಯೋಗಕ್ಕೂ ಕೀಳಬೇಡಿ, ಎಷ್ಟೋ ಜನರಿಗೆ ಅದರಿಂದ ಚರ್ಮಕ್ಕೂ ಉಸಿರಿಗೂ ತೊಂದರೆ ಆಗುತ್ತದೆ. ಕನ್ನಡಿ ಇರುವ ಮೈಕ್ರೋಸ್ಕೋಪಾದರೆ ಕನ್ನಡಿಯನ್ನು ನೇರ ಸೂರ್ಯನ ಕಡೆ ತಿರುಗಿಸಿ ಕಣ್ಣಿಡಬಾರದು. ಇದನ್ನು ಪ್ರತಿ ಬ್ಯಾಚ್‌ಗೂ ಹೇಳಬೇಕು.

ಎಲ್ಲ ಸರಿ ಇದ್ದರೆ ಏನು ಕಾಣಬೇಕು

100 ಮಿಲಿ ದ್ರಾವಣಕ್ಕೆ ಸಕ್ಕರೆ 10 ಗ್ರಾಂ, ಬೋರಿಕ್ ಆಸಿಡ್ 10 ಮಿಲಿಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 30 ಮಿಲಿಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 20 ಮಿಲಿಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 10 ಮಿಲಿಗ್ರಾಂ. ಇದು 1963ರಲ್ಲಿ ಬ್ರೂಬೇಕರ್ ಮತ್ತು ಕ್ವಾಕ್ ಎಂಬ ವಿಜ್ಞಾನಿಗಳು ಕೊಟ್ಟ ಅಳತೆ. ಇಂದಿಗೂ ಜಗತ್ತಿನ ಅನೇಕ ಲ್ಯಾಬ್‌ಗಳು ಇಲ್ಲಿಂದಲೇ ಶುರು ಮಾಡುತ್ತವೆ.

ಕಾಲೇಜಿನ ತಕ್ಕಡಿಯಲ್ಲಿ 30 ಮಿಲಿಗ್ರಾಂ ತೂಗುವುದು ನಂಬುವಂಥ ಮಾತಲ್ಲ. ನೂರು ಪಟ್ಟು ಗಟ್ಟಿಯಾದ ದ್ರಾವಣ, ಅಂದರೆ ಸ್ಟಾಕ್, ಮಾಡಿಕೊಳ್ಳಿ. 100 ಮಿಲಿ ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ 3 ಗ್ರಾಂ ಒಂದು ಬಾಟಲಿ, ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ ಇನ್ನೊಂದು, ಬೋರಿಕ್ ಆಸಿಡ್ 1 ಗ್ರಾಂ ಮತ್ತೊಂದು, ಪೊಟ್ಯಾಸಿಯಂ ನೈಟ್ರೇಟ್ 1 ಗ್ರಾಂ ನಾಲ್ಕನೆಯದು. ಬಾಟಲಿಗಳು ಬೇರೆ ಬೇರೆಯೇ ಇರಲಿ, ಕಾರಣ ಮುಂದೆ ಬರುತ್ತದೆ. ಪ್ರಯೋಗದ ದಿನ 10 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಪ್ರತಿ ಬಾಟಲಿಯಿಂದ 1 ಮಿಲಿ ಹಾಕಿ, ಒಟ್ಟು 100 ಮಿಲಿಗೆ ನೀರು ಸೇರಿಸಿದರೆ ಆಯಿತು.

ನಿತ್ಯಪುಷ್ಪದಲ್ಲಿ ಪರಾಗ ಹೊರಗೆ ಕಾಣುವುದಿಲ್ಲ. ಹೂವಿನ ಸಣ್ಣ ಕೊಳವೆಯ ಮೇಲ್ತುದಿ ಕೊಂಚ ಉಬ್ಬಿರುತ್ತದೆ, ಪರಾಗಕೋಶಗಳು ಅಲ್ಲೇ ಒಳಗೆ ಅಡಗಿರುತ್ತವೆ. ಬ್ಲೇಡಿನಿಂದ ಆ ಜಾಗವನ್ನು ಉದ್ದಕ್ಕೆ ಸೀಳಿ ಸೂಜಿಯಿಂದ ತೆಗೆಯಿರಿ. ಮೊಳೆತಾಗ ರೇಣುವಿನ, ಅಂದರೆ ಪರಾಗದ ಒಂದು ಕಣದ, ಒಂದು ಬದಿಯಿಂದ ತೆಳುವಾದ ನಳಿಕೆ ಹೊರಬರುತ್ತದೆ. ಬೆಳಕು ಸ್ವಲ್ಪ ಕಡಿಮೆ ಮಾಡಿ ನೋಡಿ. ನಳಿಕೆಯ ಒಳಗೆ ಸಣ್ಣ ಕಣಗಳು ಸಾಲಾಗಿ ತುದಿಯ ಕಡೆ ಓಡಿ ವಾಪಸು ಬರುತ್ತಿರುತ್ತವೆ. ತುದಿಯ ತೀರಾ ಕೊನೆಯ ಭಾಗ ಮಾತ್ರ ತಿಳಿಯಾಗಿರುತ್ತದೆ, ದೊಡ್ಡ ಕಣಗಳು ಅಲ್ಲಿಗೆ ಹೋಗುವುದಿಲ್ಲ. ನಳಿಕೆಯ ಉದ್ದ ರೇಣುವಿನ ಅಗಲಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಮೊಳೆತಿದೆ ಅಂತ ಲೆಕ್ಕ ಹಿಡಿಯಿರಿ.

ಲಕ್ಷಣ: ಏನೂ ಆಗಿಲ್ಲ, ರೇಣು ದುಂಡಗೆ ಹಾಗೇ ಕೂತಿದೆ

ಮೊದಲು ಹೂ ನೋಡಿ. ಬೆಳಿಗ್ಗೆ ಅರಳಿದ, ಪರಾಗಕೋಶ ಆಗಷ್ಟೇ ಬಿರಿದ ಹೂ ಬೇಕು. ನಿನ್ನೆ ಕಿತ್ತು ಫ್ರಿಜ್‌ನಲ್ಲಿಟ್ಟದ್ದು, ದೇವರ ಕೋಣೆಯಲ್ಲಿ ಬಾಡಿದ್ದು, ಮಳೆಯಲ್ಲಿ ನೆನೆದದ್ದು ಬೇಡ.

ಆಮೇಲೆ ಯಾವ ಗಿಡ ಅನ್ನುವುದು. ಬಟಾಣಿ, ಕಡಲೆ, ಸೆಣಬು, ಗೌರಿ ಹೂ (ಬಾಲ್ಸಮ್), ನಿತ್ಯಪುಷ್ಪ ಇವೆಲ್ಲ ಮಾತು ಕೇಳುತ್ತವೆ. ಜೋಳ, ಮುಸುಕಿನ ಜೋಳ, ಸಾಸಿವೆ, ಸೂರ್ಯಕಾಂತಿ ಕೇಳುವುದಿಲ್ಲ. ಈ ಎರಡನೇ ಗುಂಪಿನ ಪರಾಗದಲ್ಲಿ ಹೊರಬೀಳುವ ಹೊತ್ತಿಗೇ ಮೂರು ಕೋಶ ಇರುತ್ತವೆ, ಅವುಗಳ ಆಯಸ್ಸು ಕಡಿಮೆ, ಸಾದಾ ದ್ರಾವಣದಲ್ಲಿ ಅವನ್ನು ಮೊಳೆಸುವುದು ಅನುಭವಿಗಳಿಗೂ ಕಷ್ಟ. ಬ್ಯಾಚ್ ಎದುರಿಗಿರುವಾಗ ಅವುಗಳ ಹಿಂದೆ ಬೀಳಬೇಡಿ.

ಒಂದು ಗಂಟೆ ಕಾದಿರಾ? ಹನಿ ಒಣಗದಂತೆ ಸ್ಲೈಡನ್ನು ಪೆಟ್ರಿ ತಟ್ಟೆಯಲ್ಲಿ, ಒದ್ದೆ ಫಿಲ್ಟರ್ ಪೇಪರ್ ಮೇಲೆ ಎರಡು ಕಡ್ಡಿ ಇಟ್ಟು ಅದರ ಮೇಲಿಟ್ಟು ಮುಚ್ಚಿದ್ದಿರಾ? ಕವರ್‌ಸ್ಲಿಪ್ ಹಾಕಿ ಒತ್ತಿದ್ದರೆ ಗಾಳಿ ಸಿಗುವುದಿಲ್ಲ, ಬೆಳೆಯುವ ನಳಿಕೆಗೆ ಆಮ್ಲಜನಕ ಬೇಕೇ ಬೇಕು. ಕೋಣೆಯ ಬಿಸಿ 25ರಿಂದ 30 ಡಿಗ್ರಿ ಒಳಗಿದ್ದರೆ ಒಳ್ಳೆಯದು. ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ಮಧ್ಯಾಹ್ನ ಮಾಡುವುದಕ್ಕಿಂತ ಬೆಳಿಗ್ಗೆ ಮೊದಲ ಅವಧಿಯಲ್ಲಿ ಮಾಡುವುದು ವಾಸಿ.

ಗಾಜಿನ ಸಾಮಾನು ತೊಳೆದದ್ದು ಹೇಗೆ ಅನ್ನುವುದನ್ನೂ ಕೇಳಿ. ಬಟ್ಟೆ ಸೋಪಿನ ಪುಡಿಯಲ್ಲಿ ನೀರಿನ ಗಡಸುತನ ತೆಗೆಯುವ ವಸ್ತು ಇರುತ್ತದೆ. ಗಡಸುತನ ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತಾನೇ. ಸರಿಯಾಗಿ ಜಾಲಿಸದ ಬೀಕರಿನಲ್ಲಿ ಉಳಿದ ಪುಡಿ ನೀವು ಹಾಕಿದ ಕ್ಯಾಲ್ಸಿಯಂ ಅನ್ನೇ ಹಿಡಿದುಕೊಳ್ಳುತ್ತದೆ, ಮೇಲಾಗಿ ಸೋಪು ಕೋಶದ ಪೊರೆಗೂ ಒಳ್ಳೆಯದಲ್ಲ. ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ಸಲ ಜಾಲಿಸಿ.

ಇಷ್ಟಾದ ಮೇಲೂ ಇಲ್ಲ ಅಂದರೆ ಪರಾಗ ಬದುಕಿದೆಯೇ ಎಂದು ನೋಡಿ. ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿದಾಗ ತುಂಬಿದ ರೇಣು ಕೆಂಪಾಗುತ್ತದೆ, ಜೊಳ್ಳು ಬಣ್ಣ ಹಿಡಿಯುವುದಿಲ್ಲ. ಎಲ್ಲ ಜೊಳ್ಳಾಗಿದ್ದರೆ ಕ್ಯಾಲ್ಸಿಯಂ ಎಷ್ಟು ಹಾಕಿದರೂ ಅಷ್ಟೇ. ಕೆಂಪಾದದ್ದೆಲ್ಲ ಮೊಳೆಯುತ್ತದೆ ಅಂತಲೂ ಇಲ್ಲ, ಸತ್ತ ರೇಣುವಿನ ಒಳಗಿನ ಸರಕೂ ಬಣ್ಣ ಹಿಡಿಯಬಹುದು. ಜೊಳ್ಳನ್ನು ಬೇರೆ ಮಾಡಲು ಮಾತ್ರ ಇದನ್ನು ನಂಬಿ.

ಲಕ್ಷಣ: ಗುಂಪಾಗಿ ಬಿದ್ದ ಕಡೆ ಮೊಳೆತಿದೆ, ಒಂಟಿ ರೇಣು ಮೊಳೆತಿಲ್ಲ

ನಾನು ಮೊದಲೇ ಹೇಳಿದ ಪುಕ್ಕಟೆ ಪರೀಕ್ಷೆ ಇದೇ. ದಯವಿಟ್ಟು ಸ್ಲೈಡನ್ನು ಆ ಕಡೆಯಿಂದ ಈ ಕಡೆಗೆ ಪೂರ್ತಿ ಸರಿಸಿ ನೋಡಿ. ರೇಣುಗಳು ಒತ್ತೊತ್ತಾಗಿ ಇರುವ ಜಾಗದ ಅಂಚಿನಲ್ಲಿ ನಳಿಕೆಗಳು ಚೆನ್ನಾಗಿ ಬಂದಿವೆ, ಹನಿಯ ಇನ್ನೊಂದು ಮೂಲೆಯಲ್ಲಿ ಒಂದೊಂದೇ ಬಿದ್ದಿರುವವು ಹಾಗೇ ಇವೆ ಅಂತಾದರೆ ಕ್ಯಾಲ್ಸಿಯಂ ಸಾಕಾಗಿಲ್ಲ ಎಂಬ ಅನುಮಾನ ಬಲವಾಗಬೇಕು.

ಒತ್ತಾಗಿದ್ದರೆ ಚೆನ್ನಾಗಿ ಮೊಳೆಯುತ್ತದೆ ಅನ್ನುವುದು ಪರಾಗದ ಮೇಲೆ ಕೆಲಸ ಮಾಡುವವರಿಗೆ ಬಹಳ ಹಿಂದಿನಿಂದ ಗೊತ್ತಿತ್ತು. ಯಾಕೆ ಅನ್ನುವುದು ಗೊತ್ತಿರಲಿಲ್ಲ. ಪಕ್ಕದಲ್ಲಿ ಗಿಡದ ಬೇರೆ ಅಂಗಾಂಶದ ಚೂರು ಇಟ್ಟರೂ, ಅದರ ರಸ ಹಾಕಿದರೂ ಒಂಟಿ ರೇಣು ಮೊಳೆಯುತ್ತಿತ್ತು. ಹಾಗಾಗಿ ಗಿಡದಿಂದ ಹೊರಬರುವ ಯಾವುದೋ ಬೆಳವಣಿಗೆಯ ವಸ್ತು ಇರಬೇಕು ಅಂದುಕೊಂಡಿದ್ದರು. ಬ್ರೂಬೇಕರ್, ಕ್ವಾಕ್ ಇಬ್ಬರೂ ಅದರ ಬೆನ್ನು ಹತ್ತಿ, ಆ ವಸ್ತು ಬೇರೇನೂ ಅಲ್ಲ, ಕ್ಯಾಲ್ಸಿಯಂ ಅಂತ ತೋರಿಸಿದರು. ಒಂದೆರಡು ಗಿಡದಲ್ಲಿ ಅಲ್ಲ, 39 ಕುಟುಂಬಗಳ 86 ಜಾತಿಯ ಸಸ್ಯಗಳಲ್ಲಿ.

ಆಗುವುದು ಇಷ್ಟು. ಪ್ರತಿ ರೇಣುವಿನಿಂದಲೂ ಸ್ವಲ್ಪ ಕ್ಯಾಲ್ಸಿಯಂ ನೀರಿಗೆ ಸೋರುತ್ತದೆ. ನೂರಾರು ರೇಣು ಒಂದು ಪುಟ್ಟ ಜಾಗದಲ್ಲಿದ್ದರೆ ಸೋರಿದ್ದು ಅಲ್ಲೇ ಸೇರಿ ಎಲ್ಲಕ್ಕೂ ಸಾಕಾಗುವ ಮಟ್ಟ ಮುಟ್ಟುತ್ತದೆ. ಒಂಟಿ ರೇಣು ಇದ್ದದ್ದನ್ನೂ ಸುತ್ತಲಿನ ನೀರಿಗೆ ಕಳೆದುಕೊಳ್ಳುತ್ತದೆ. ನೀವು ಮೊದಲೇ ಹನಿಗೆ ಕ್ಯಾಲ್ಸಿಯಂ ಹಾಕಿದ್ದರೆ ಒಂಟಿಯೂ ಗುಂಪಿನಷ್ಟೇ ಚೆನ್ನಾಗಿ ಬೆಳೆಯುತ್ತದೆ.

ಖಚಿತ ಮಾಡಿಕೊಳ್ಳಲು ಮೂರು ಹನಿ ಸಾಕು. ಮೊದಲನೆಯದು ಸಣ್ಣ ಹನಿ, ಕ್ಯಾಲ್ಸಿಯಂ ಇಲ್ಲ, ಪರಾಗ ಜಾಸ್ತಿ. ಎರಡನೆಯದು ದೊಡ್ಡ ಹನಿ, ಕ್ಯಾಲ್ಸಿಯಂ ಇಲ್ಲ, ಪರಾಗ ತೀರಾ ಕಡಿಮೆ. ಮೂರನೆಯದೂ ದೊಡ್ಡ ಹನಿ, ಪರಾಗ ಅಷ್ಟೇ ಕಡಿಮೆ, ಆದರೆ ಕ್ಯಾಲ್ಸಿಯಂ ಇದೆ. ಉಳಿದದ್ದೆಲ್ಲ ಮೂರರಲ್ಲೂ ಒಂದೇ ಇರಬೇಕು, ನೀರು ಡಿಸ್ಟಿಲ್ಡ್ ಆಗಿರಬೇಕು. ಒಂದು ಮತ್ತು ಮೂರು ಮೊಳೆತು ಎರಡು ಮೊಳೆಯದಿದ್ದರೆ ಕಾರಣ ಸಿಕ್ಕಿತು. ಮೂರನೆಯದೂ ಮೊಳೆಯದೆ ಬರೀ ಗುಂಪು ಮಾತ್ರ ಮೊಳೆತರೆ ತೊಂದರೆ ಬೇರೆ ಕಡೆ ಇದೆ, ಪರಾಗ ಬಲಹೀನವಾಗಿರಬಹುದು. ನೂರಾದರೂ ರೇಣು ಎಣಿಸದೆ ತೀರ್ಮಾನಕ್ಕೆ ಬರಬೇಡಿ. ಗುಂಪಿನ ತೀರಾ ಮಧ್ಯದಲ್ಲಿ ಎಣಿಸಬೇಡಿ, ಅಲ್ಲಿ ರೇಣು ಸರಿಯಾಗಿ ನೆನೆದಿರುವುದಿಲ್ಲ, ಗಾಳಿಯೂ ಕಡಿಮೆ.

ಇದೇ ಪ್ರಯೋಗವನ್ನು ಮಕ್ಕಳಿಂದ ಮಾಡಿಸಿ ನೋಡಿ. ಸಕ್ಕರೆ ನೀರಿನಲ್ಲಿ ನಳಿಕೆ ಬಂತು ಅಂತ ಬರೆಯುವುದಕ್ಕಿಂತ ಇದರಲ್ಲಿ ಕಲಿಯುವುದು ಎಷ್ಟೋ ಜಾಸ್ತಿ.

ಲಕ್ಷಣ: ಬೋರ್‌ವೆಲ್ ನೀರಿನಲ್ಲಿ ಬಂತು, ಡಿಸ್ಟಿಲ್ಡ್ ವಾಟರಿನಲ್ಲಿ ಬರಲಿಲ್ಲ

ಕೇಳಿದರೆ ಉಲ್ಟಾ ಅನ್ನಿಸುತ್ತದೆ ಅಲ್ವಾ? ಶುದ್ಧ ನೀರಿನಲ್ಲೇ ಚೆನ್ನಾಗಿ ಬರಬೇಕಿತ್ತು ಅಂತ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಮೇಲಿನ ಅಳತೆಯ ದ್ರಾವಣದಲ್ಲಿ ಲೀಟರಿಗೆ ಬರೀ ಕ್ಯಾಲ್ಸಿಯಂ ಎಷ್ಟು ಅಂತ ಬಿಡಿಸಿದರೆ ಸುಮಾರು 51 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪುವ ಮಟ್ಟ ಲೀಟರಿಗೆ 75 ಮಿಲಿಗ್ರಾಂ, ಬೇರೆ ನೀರು ಸಿಗದ ಕಡೆ 200ರವರೆಗೂ ಬಿಡುತ್ತಾರೆ. ಅಂದರೆ ಗಡಸು ಬೋರ್‌ವೆಲ್ ನೀರಿನಲ್ಲಿ ಪರಾಗಕ್ಕೆ ಬೇಕಾದಷ್ಟು ಕ್ಯಾಲ್ಸಿಯಂ ಮೊದಲೇ ಇರುತ್ತದೆ. ಸುಮ್ನೆ ಸಕ್ಕರೆ ಕರಗಿಸಿದರೂ ಮೊಳೆಯುತ್ತದೆ. ಅದೇ ಸಕ್ಕರೆಯನ್ನು ಡಿಸ್ಟಿಲ್ಡ್ ಅಥವಾ ಆರ್‌ಒ ನೀರಿಗೆ ಹಾಕಿದರೆ ಅಲ್ಲಿ ಕ್ಯಾಲ್ಸಿಯಂ ಇಲ್ಲ ಅನ್ನುವಷ್ಟು ಕಡಿಮೆ.

ಹಾಗಂತ ಬೋರ್‌ವೆಲ್ ನೀರನ್ನೇ ಬಳಸಿ ಅಂತ ನಾನು ಹೇಳುವುದಿಲ್ಲ. ಅದರಲ್ಲಿ ಬೈಕಾರ್ಬೊನೇಟ್ ಇರುತ್ತದೆ, ಪಿಎಚ್ ಏರಿರುತ್ತದೆ, ಈ ತಿಂಗಳು ಇದ್ದ ಹಾಗೆ ಮುಂದಿನ ತಿಂಗಳು ಇರುವುದಿಲ್ಲ. ಅದರ ಮೇಲೆ ನೀವು ಕ್ಯಾಲ್ಸಿಯಂ ನೈಟ್ರೇಟನ್ನೂ ಹಾಕಿದರೆ ಜಾಸ್ತಿಯಾಗುತ್ತದೆ. ಡಿಸ್ಟಿಲ್ಡ್ ನೀರು ತಗೊಂಡು ಕ್ಯಾಲ್ಸಿಯಂ ಅಳೆದು ಹಾಕುವುದೇ ಸರಿ. ಟಿಡಿಎಸ್ ಮೀಟರ್ ನೋಡಿ ಕ್ಯಾಲ್ಸಿಯಂ ಎಷ್ಟಿದೆ ಅಂತ ಹೇಳಲು ಆಗುವುದಿಲ್ಲ, ಅದು ಎಲ್ಲ ಉಪ್ಪುಗಳನ್ನೂ ಒಟ್ಟಿಗೆ ತೋರಿಸುತ್ತದೆ.

ಲ್ಯಾಬ್‌ನಲ್ಲಿ ಡಿಸ್ಟಿಲ್ಡ್ ವಾಟರ್ ಮುಗಿದಿದ್ದರೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಉಪ್ಪು ತೆಗೆದ ನೀರು ಈ ಕೆಲಸಕ್ಕೆ ನಡೆಯುತ್ತದೆ. ಆದರೆ ಎಚ್ಚರ, ಅದೇ ಅಂಗಡಿಯಲ್ಲಿ ಅಂಥದ್ದೇ ಕ್ಯಾನಿನಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ. ಲೇಬಲ್ ಓದಿ, ಸೀಲ್ ಇರುವುದನ್ನೇ ತನ್ನಿ, ಲಿಟ್ಮಸ್ ಅದ್ದಿ ನೋಡದೆ ಬಳಸಬೇಡಿ.

ಲಕ್ಷಣ: ಒಡೆದುಹೋಗುತ್ತಿದೆ

ಒಡೆಯುವುದು ಎರಡು ಥರ. ಯಾವಾಗ ಮತ್ತು ಎಲ್ಲಿ ಒಡೆಯಿತು ಅನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ, ಹಾಗಾಗಿ ಹನಿಗೆ ಪರಾಗ ಹಾಕಿದ ತಕ್ಷಣದಿಂದ ಕಣ್ಣಿಟ್ಟು ಕೂರಿ.

ಹಾಕಿದ ಒಂದೆರಡು ನಿಮಿಷದಲ್ಲೇ, ನಳಿಕೆ ಬರುವ ಮೊದಲೇ ಇಡೀ ರೇಣು ಒಡೆದು ಒಳಗಿನ ಕಣಕಣವಾದ ಸರಕು ಹೊರಚೆಲ್ಲಿದರೆ ಅದು ನೀರು ನುಗ್ಗಿದ ಲಕ್ಷಣ. ಸಕ್ಕರೆ ಸಾಲದು. 10 ಪರ್ಸೆಂಟಿನಿಂದ 15ಕ್ಕೆ, ಬೇಕಾದರೆ 20ಕ್ಕೆ ಏರಿಸಿ. ದಾಸವಾಳದಲ್ಲಿ ಇದು ಜಾಸ್ತಿ, ಮುಳ್ಳುಮುಳ್ಳಾದ ಆ ದೊಡ್ಡ ರೇಣು ನೋಡಲು ಚೆಂದ, ಮೊಳೆಸಲು ಸುಲಭ ಅಲ್ಲ. ಒಣಗಿದ ಪರಾಗವಾದರೆ ನೇರವಾಗಿ ನೀರಿಗೆ ಹಾಕಬೇಡಿ, ಒದ್ದೆ ಕಾಗದ ಇಟ್ಟು ಮುಚ್ಚಿದ ತಟ್ಟೆಯಲ್ಲಿ ಅರ್ಧ ಗಂಟೆ ತೇವ ಕುಡಿಯಲು ಬಿಟ್ಟು ಆಮೇಲೆ ಹಾಕಿ.

ನಳಿಕೆ ಬಂದು, ಸ್ವಲ್ಪ ಬೆಳೆದು, ತುದಿಯಲ್ಲೇ ಒಡೆದರೆ ಮಾತು ಬೇರೆ. ಅದು ಗೋಡೆಯ ತೊಂದರೆ. ನಳಿಕೆಯ ಒಳಗೆ ಯಾವಾಗಲೂ ಒತ್ತಡ ಇರುತ್ತದೆ, ಅದನ್ನು ತಡೆದು ಹಿಡಿಯುವುದು ಹೊರಗಿನ ಗೋಡೆ. ಸೈಕಲ್ ಟಯರ್ ಸವೆದ ಜಾಗದಲ್ಲಿ ಒಳಗಿನ ಟ್ಯೂಬ್ ಉಬ್ಬಿ ಸಿಡಿಯುತ್ತದಲ್ಲ, ಹಾಗೆ. ತುದಿಯ ಗೋಡೆ ಮುಖ್ಯವಾಗಿ ಪೆಕ್ಟಿನ್ ಎಂಬ ಅಂಟಿನಂಥ ವಸ್ತುವಿನಿಂದ ಆದದ್ದು. ಹೊಸದಾಗಿ ಬಂದು ಸೇರುವ ಪೆಕ್ಟಿನ್ ಮೆತ್ತಗಿರುತ್ತದೆ, ಮಿಥೈಲ್ ಗುಂಪುಗಳು ಅದಕ್ಕೆ ಅಂಟಿರುತ್ತವೆ. ತುದಿ ಮುಂದೆ ಹೋದಂತೆ ಹಿಂದೆ ಉಳಿದ ಗೋಡೆಯಲ್ಲಿ ಒಂದು ಕಿಣ್ವ ಆ ಗುಂಪುಗಳನ್ನು ಕಿತ್ತುಹಾಕುತ್ತದೆ. ಆಗ ಖಾಲಿಯಾದ ಜಾಗಗಳ ನಡುವೆ ಕ್ಯಾಲ್ಸಿಯಂ ಬಂದು ಕೂತು ಎರಡು ಪೆಕ್ಟಿನ್ ಎಳೆಗಳನ್ನು ಜೋಡಿಸುತ್ತದೆ, ಗೋಡೆ ಗಟ್ಟಿಯಾಗುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಜೋಡಣೆ ಇಲ್ಲ, ತುದಿ ಸಿಡಿಯುತ್ತದೆ.

ಬೋರಿಕ್ ಆಸಿಡ್‌ನಲ್ಲಿರುವ ಬೋರಾನ್ ಕೂಡ ಪೆಕ್ಟಿನ್‌ನ ಇನ್ನೊಂದು ಬಗೆಯ ಎಳೆಗಳನ್ನು ಜೋಡಿಸುತ್ತದೆ, ಹಾಗಾಗಿ ಬೋರಾನ್ ಕಡಿಮೆಯಾದರೂ ಇದೇ ಲಕ್ಷಣ ಕಾಣುತ್ತದೆ. ಕಣ್ಣಲ್ಲಿ ನೋಡಿ ಇದು ಅದರದ್ದು, ಅದು ಇದರದ್ದು ಅಂತ ಹೇಳಲು ಆಗುವುದಿಲ್ಲ. ಒಂದು ಹನಿಗೆ ಕ್ಯಾಲ್ಸಿಯಂ ಮಾತ್ರ, ಇನ್ನೊಂದಕ್ಕೆ ಬೋರಿಕ್ ಆಸಿಡ್ ಮಾತ್ರ, ಮೂರನೆಯದಕ್ಕೆ ಎರಡೂ ಹಾಕಿ ಪಕ್ಕಪಕ್ಕ ಇಡಿ. ಎರಡನ್ನೂ ಒಟ್ಟಿಗೆ ಏರಿಸಿ ಸರಿಹೋಯಿತು ಅಂತ ಕೈ ತೊಳೆದುಕೊಂಡರೆ ಮುಂದಿನ ಸಲ ಮತ್ತೆ ಇದೇ ಗೊಂದಲ.

ಲಕ್ಷಣ: ನಳಿಕೆ ಬಂತು, ಗಿಡ್ಡಕ್ಕೆ ನಿಂತುಹೋಯಿತು

ಇಲ್ಲಿ ಕ್ಯಾಲ್ಸಿಯಂ ಜಾಸ್ತಿಯಾಗಿರುವ ಸಾಧ್ಯತೆ ನೋಡಬೇಕು. ಗೋಡೆ ಬೇಗ ಗಟ್ಟಿಯಾದರೆ ತುದಿ ಚಾಚಿಕೊಳ್ಳಲು ಆಗುವುದಿಲ್ಲ. ಲಿಲ್ಲಿ ಹೂವಿನ ಪರಾಗದಲ್ಲಿ ಚೆನ್ನಾಗಿ ಅಳೆದಿದ್ದಾರೆ: ಹೊರಗಿನ ಕ್ಯಾಲ್ಸಿಯಂ 10 ಮೈಕ್ರೋಮೋಲಾರ್‌ಗಿಂತ ಇಳಿದರೂ, 10 ಮಿಲಿಮೋಲಾರ್‌ಗಿಂತ ಏರಿದರೂ ಬೆಳವಣಿಗೆ ಕುಂದುತ್ತದೆ (ಇವು ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆಗಳು, ಸಾವಿರ ಮೈಕ್ರೋಮೋಲಾರ್ ಸೇರಿದರೆ ಒಂದು ಮಿಲಿಮೋಲಾರ್). ನಮ್ಮ ಅಳತೆಯಲ್ಲಿ ಇರುವುದು ಸುಮಾರು 1.27 ಮಿಲಿಮೋಲಾರ್. ಒಂದು ಸೊನ್ನೆ ತಪ್ಪಿ 100 ಮಿಲಿಗೆ 30ರ ಬದಲು 300 ಮಿಲಿಗ್ರಾಂ ಹಾಕಿದರೆ 12.7 ಆಗುತ್ತದೆ, ಮಿತಿ ದಾಟಿತು. ಈ ತಪ್ಪು ಆಗುವುದು ಬಹಳ ಸುಲಭ, ಯಾಕೆಂದರೆ ಕೆಲವು ಪುಸ್ತಕಗಳಲ್ಲಿ ಅಳತೆ ಲೀಟರಿಗೆ ಇರುತ್ತದೆ, ಕೆಲವು ಕಡೆ 100 ಮಿಲಿಗೆ. ಹಾಗಾಗಿ ಮೊದಲ ಪರೀಕ್ಷೆ ನೋಟ್‌ಬುಕ್ ತೆರೆದು ಸೊನ್ನೆ ಎಣಿಸುವುದು.

ಎರಡನೆಯದು ಬಾಟಲಿಯ ಲೇಬಲ್. 30 ಮಿಲಿಗ್ರಾಂ ಅನ್ನುವುದು ನಾಲ್ಕು ನೀರಿನ ಅಣು ಹಿಡಿದ ಕ್ಯಾಲ್ಸಿಯಂ ನೈಟ್ರೇಟಿಗೆ. ನೀರಿಲ್ಲದ ಬಗೆಯಾದರೆ ಅಷ್ಟೇ ತೂಕದಲ್ಲಿ ಕ್ಯಾಲ್ಸಿಯಂ ಸುಮಾರು 44 ಪರ್ಸೆಂಟ್ ಜಾಸ್ತಿ ಹೋಗುತ್ತದೆ, ಆಗ 21 ಮಿಲಿಗ್ರಾಂ ಸಾಕು. ಇದಕ್ಕೆ ತದ್ವಿರುದ್ಧವೂ ಆಗುತ್ತದೆ. ಈ ಉಪ್ಪು ಗಾಳಿಯ ತೇವ ಎಳೆದುಕೊಂಡು ಬೇಗ ನೀರೊಡೆಯುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಬಾಟಲಿಯಲ್ಲಿ ಗಂಟು ಕಟ್ಟಿ ಜಿನುಗುತ್ತಿದ್ದರೆ ನೀವು ತೂಗುತ್ತಿರುವುದರಲ್ಲಿ ಅರ್ಧ ನೀರೇ ಇರಬಹುದು. ಅಂಥದ್ದನ್ನು ಬಿಟ್ಟು ಹೊಸ ಬಾಟಲಿ ತೆಗೆಯಿರಿ.

ಎರಡು ನೀರಿನ ಅಣುವಿರುವ ಕ್ಯಾಲ್ಸಿಯಂ ಕ್ಲೋರೈಡ್ ಮಾತ್ರ ಇದ್ದರೆ ಸ್ಟಾಕ್‌ಗೆ 3 ಗ್ರಾಂ ಬದಲು 1.87 ಗ್ರಾಂ ಹಾಕಿ. ನೀರಿಲ್ಲದ ಬಗೆ ಕರಗುವಾಗ ಚೆನ್ನಾಗಿ ಬಿಸಿಯಾಗುತ್ತದೆ, ಅಂಗೈಯಲ್ಲಿ ಹಿಡಿದು ಕಲಕಬೇಡಿ. ಗೊಬ್ಬರದ ಅಂಗಡಿಯ ಕ್ಯಾಲ್ಸಿಯಂ ನೈಟ್ರೇಟ್ ಲ್ಯಾಬ್‌ಗೆ ಬೇಡ, ಅದರಲ್ಲಿ ಸಾಮಾನ್ಯವಾಗಿ ಅಮೋನಿಯಂ ಕೂಡ ಸೇರಿರುತ್ತದೆ. ಸೀಮೆಸುಣ್ಣದ ಪುಡಿ, ವೀಳ್ಯದೆಲೆಯ ಸುಣ್ಣ ಇವೂ ಬೇಡ. ಒಂದು ಕರಗುವುದೇ ಕಷ್ಟ, ಇನ್ನೊಂದು ಪಿಎಚ್ ಅನ್ನು ವಿಪರೀತ ಏರಿಸುತ್ತದೆ.

ಅಳತೆ ಎಲ್ಲ ಸರಿ ಇದೆ, ಆದರೂ ನಿಂತಿದೆ ಅಂದರೆ ಫ್ಯಾನ್ ನೋಡಿ. ಫ್ಯಾನ್ ಕೆಳಗೆ ತೆರೆದಿಟ್ಟ ಹನಿ ಅರ್ಧ ಗಂಟೆಯಲ್ಲಿ ಒಣಗುತ್ತಾ ಬರುತ್ತದೆ, ಸಕ್ಕರೆಯೂ ಕ್ಯಾಲ್ಸಿಯಂ ಕೂಡ ಗಟ್ಟಿಯಾಗುತ್ತಾ ಹೋಗುತ್ತವೆ.

ಲಕ್ಷಣ: ಸ್ಟಾಕ್ ಬಾಟಲಿಯಲ್ಲಿ ಬಿಳಿ ಗಸಿ

ನಾಲ್ಕು ಬಾಟಲಿ ಬೇರೆ ಬೇರೆ ಇಡಿ ಅಂದದ್ದು ಇದಕ್ಕೇ. ಗಟ್ಟಿ ಸ್ಟಾಕ್‌ನಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ಒಟ್ಟಿಗೆ ಸೇರಿದರೆ ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ, ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿರುತ್ತದೆ, ಆದರೆ ಬಾಟಲಿ ಮೇಲೆ ಬರೆದ ಅಂಕಿ ಹಾಗೇ ಇರುತ್ತದೆ! ಪಿಎಚ್ ಸರಿ ಮಾಡಲು ಫಾಸ್ಫೇಟ್ ಬಫರ್ ಹಾಕಿದರೂ ಇದೇ ಪಾಡು, ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಹೋಗುತ್ತದೆ. ನೂರು ಪಟ್ಟು ತೆಳುವಾದ ಕೊನೆಯ ದ್ರಾವಣದಲ್ಲಿ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಗಸಿ ಕಟ್ಟುವುದಿಲ್ಲ, ಅಲ್ಲಿ ಸೇರಿಸುವುದರಿಂದ ತೊಂದರೆ ಇಲ್ಲ.

ಗಸಿ ಬಂದ ಬಾಟಲಿಯನ್ನು ಅಲುಗಾಡಿಸಿ ಬಳಸಬೇಡಿ, ಸೋಸಿಯೂ ಬಳಸಬೇಡಿ. ಚೆಲ್ಲಿ ಹೊಸದು ಮಾಡಿ. ಸಕ್ಕರೆ ಸೇರಿಸಿದ ದ್ರಾವಣವನ್ನಂತೂ ಅವತ್ತಿಂದು ಅವತ್ತೇ ಮಾಡಿ, ಎರಡು ದಿನ ಇಟ್ಟರೆ ಬೂಸಲು ಬರುತ್ತದೆ.

ಲಕ್ಷಣ: ತುದಿ ಉಬ್ಬಿದೆ, ನಳಿಕೆ ಡೊಂಕು

ಇಲ್ಲಿಂದ ಮುಂದೆ ಸ್ವಲ್ಪ ಕಷ್ಟದ ದಾರಿ, ಪದವಿ ಮತ್ತು ಎಂಎಸ್ಸಿ ಲ್ಯಾಬ್‌ನವರಿಗೆ.

ಬೆಳೆಯುವ ನಳಿಕೆಯ ಒಳಗೆ ಕ್ಯಾಲ್ಸಿಯಂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ತೀರಾ ತುದಿಯಲ್ಲಿ 1ರಿಂದ 10 ಮೈಕ್ರೋಮೋಲಾರ್, ಅಲ್ಲಿಂದ 20 ಮೈಕ್ರೋಮೀಟರ್ ಹಿಂದಕ್ಕೆ ಬಂದರೆ 0.2ರ ಆಸುಪಾಸಿಗೆ ಇಳಿಯುತ್ತದೆ. ಹೊರಗಿನ ಕ್ಯಾಲ್ಸಿಯಂ ತುದಿಯ ಪೊರೆಯಲ್ಲಿರುವ ದಾರಿಗಳ ಮೂಲಕ ಒಳಗೆ ಬರುವುದರಿಂದ ಈ ಏರಿಳಿತ ಉಳಿದುಕೊಳ್ಳುತ್ತದೆ. ಗೋಡೆ ಕಟ್ಟುವ ಸರಕಿನ ಪುಟ್ಟ ಚೀಲಗಳು ಎಲ್ಲಿ ಬಂದು ಬಿಚ್ಚಿಕೊಳ್ಳಬೇಕು, ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಎಲ್ಲಿಗೆ ನಿಲ್ಲಬೇಕು ಎಂಬುದನ್ನು ನಿಯಂತ್ರಿಸುವುದರಲ್ಲಿ ಇದರ ಪಾತ್ರ ದೊಡ್ಡದು. ಇದನ್ನು ಕೆಡಿಸಿದರೆ ಬೆಳವಣಿಗೆ ನಿಲ್ಲುತ್ತದೆ ಅಥವಾ ದಿಕ್ಕು ತಪ್ಪುತ್ತದೆ. ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಹಾಕಿದರೂ, ದಾರಿ ಮುಚ್ಚುವ ಲ್ಯಾಂಥನಮ್ ಹಾಕಿದರೂ ನಳಿಕೆ ನಿಲ್ಲುವುದು ಈ ಕಾರಣಕ್ಕೇ.

ನೀವು ಅಂಥದ್ದೇನೂ ಹಾಕಿಲ್ಲ ಅಂದರೆ ಮೊದಲು ದೀಪದ ಬಿಸಿ ನೋಡಿ. ಹಳೆಯ ಬಲ್ಬ್ ಇರುವ ಮೈಕ್ರೋಸ್ಕೋಪಿನ ಮೇಲೆ ಸ್ಲೈಡನ್ನು ಹಾಗೇ ಬಿಟ್ಟಿದ್ದರೆ ಹನಿ ಕಾಯುತ್ತದೆ. ಆಮೇಲೆ ಪಿಎಚ್, ಆಮೇಲೆ ಕ್ಯಾಲ್ಸಿಯಂ ಅರ್ಧ, ಪೂರ್ತಿ, ಎರಡು ಪಟ್ಟು ಅಂತ ಸಾಲಾಗಿ ಹನಿ ಇಟ್ಟು ಹೋಲಿಸಿ.

ಒಂದು ಮಾತು ಇಲ್ಲೇ ಹೇಳಬೇಕು. ನಳಿಕೆ ಬಾಗಿದ ಕೂಡಲೇ ಅದು ಕ್ಯಾಲ್ಸಿಯಂ ಇರುವ ಕಡೆ ಹೊರಟಿದೆ ಅಂತ ಬರೆಯಬೇಡಿ. 1962ರಲ್ಲಿ ಮಸ್ಕರೇನ್ಹಸ್ ಮತ್ತು ಮಾಕ್ಲಿಸ್ ಸ್ನಾಪ್‌ಡ್ರ್ಯಾಗನ್ ಹೂವಿನಲ್ಲಿ ಹಾಗೆ ಆಗುವುದನ್ನು ತೋರಿಸಿದ್ದು ನಿಜ. ಆದರೆ ಎಲ್ಲ ಗಿಡಕ್ಕೂ ಅದು ಹೊಂದಲಿಲ್ಲ. ಟೊರೇನಿಯಾ ಗಿಡದಲ್ಲಿ ಅಂಡಕೋಶದ ಪಕ್ಕದ ಕೋಶಗಳು ಬಿಡುವ ಸಣ್ಣ ಪ್ರೋಟೀನುಗಳು ನಳಿಕೆಯನ್ನು ಕರೆಯುತ್ತವೆ ಎಂದು ಜಪಾನಿನ ಹಿಗಾಶಿಯಾಮಾ ಅವರ ತಂಡ 2009ರಲ್ಲಿ ತೋರಿಸಿತು. ಸ್ಲೈಡ್ ಮೇಲಿನ ಡೊಂಕು ಹೆಚ್ಚಿನ ಸಲ ಡೊಂಕು ಅಷ್ಟೇ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಹೊಸ ಉಪ್ಪು, ಹೊಸ ಡಿಸ್ಟಿಲ್ಡ್ ನೀರು, ಚೆನ್ನಾಗಿ ಜಾಲಿಸಿದ ಗಾಜು, ಮೇಲೆ ಹೇಳಿದವುಗಳಲ್ಲಿ ಮೂರು ಬೇರೆ ಗಿಡದ ತಾಜಾ ಹೂ ಇಷ್ಟನ್ನೂ ಇಟ್ಟುಕೊಂಡು ಮಾಡಿದರೂ ಒಂದರಲ್ಲೂ ನಳಿಕೆ ಬರಲಿಲ್ಲ ಅಂದರೆ ಇನ್ನಷ್ಟು ಉಪ್ಪು ಸುರಿಯುತ್ತಾ ಹೋಗಬೇಡಿ. ಬೇರೆ ಕಾಲೇಜಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವ ದ್ರಾವಣ ಸ್ವಲ್ಪ ಕೇಳಿ ತಂದು ನಿಮ್ಮ ಹೂವಿಗೆ ಹಾಕಿ, ನಿಮ್ಮ ದ್ರಾವಣವನ್ನು ಅವರ ಹೂವಿಗೆ ಹಾಕಿ. ತಪ್ಪು ಯಾವ ಕಡೆ ಇದೆ ಅಂತ ಒಂದೇ ಬೆಳಿಗ್ಗೆಯಲ್ಲಿ ತಿಳಿಯುತ್ತದೆ. ಕೋಶದ ಒಳಗಿನ ಕ್ಯಾಲ್ಸಿಯಂ ನೋಡಬೇಕು ಅಂದರೆ ಹೊಳೆಯುವ ಬಣ್ಣಗಳು, ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಬೇಕು. ಅದು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಕೆಲಸ, ವಿಚಾರಿಸಿಕೊಂಡು ಹೋಗಿ.

ಹೊಲದಲ್ಲಿ ಹೂ ಉದುರುತ್ತಿದೆ, ಕ್ಯಾಲ್ಸಿಯಂ ಹೊಡೆಯಲೇ?

ಇದನ್ನು ಓದಿದ ರೈತರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಸ್ಲೈಡಿನ ಮಾತನ್ನು ಹೊಲಕ್ಕೆ ನೇರವಾಗಿ ಒಯ್ಯಬೇಡಿ. ಸ್ಲೈಡ್ ಮೇಲೆ ನಾವು ಕೊಟ್ಟರಷ್ಟೇ ಕ್ಯಾಲ್ಸಿಯಂ, ಹೂವಿನಲ್ಲಿ ಪರಾಗ ಬಂದು ಕೂರುವ ಶಲಾಕಾಗ್ರ ಮತ್ತು ಅದರ ಕೆಳಗಿನ ಅಂಗಾಂಶದಲ್ಲಿ ಗಿಡವೇ ಅದನ್ನು ಇಟ್ಟಿರುತ್ತದೆ. ಟೊಮೆಟೊ ಹೂ ಉದುರುತ್ತಿದ್ದರೆ ಮೊದಲು ಬಿಸಿ ನೋಡಿ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗವೇ ಸರಿಯಾಗಿ ಆಗುವುದಿಲ್ಲ. ಆಮೇಲೆ ನೀರು ಹೆಚ್ಚುಕಮ್ಮಿ ಆಗಿದೆಯೇ, ಸಾರಜನಕ ಜಾಸ್ತಿ ಕೊಟ್ಟಿದ್ದೀರಾ, ಥ್ರಿಪ್ಸ್ ಇದೆಯೇ ನೋಡಿ. ಹಾಗಲ, ಕುಂಬಳ ಆದರೆ ಜೇನು ಬರುತ್ತಿದೆಯೇ ಅಂತ ಬೆಳಿಗ್ಗೆ ಹತ್ತು ನಿಮಿಷ ನಿಂತು ನೋಡಿ. ಕಾಯಿಯ ತಳ ಕಪ್ಪಾಗಿ ಕೊಳೆಯುವುದು ಕ್ಯಾಲ್ಸಿಯಂ ಕಾಯಿಗೆ ತಲುಪದ್ದರಿಂದ ಆಗುವಂಥದ್ದು. ಅದಕ್ಕೂ ಹೂ ಉದುರುವುದಕ್ಕೂ ಗಂಟು ಹಾಕಬೇಡಿ.

ಸಿಂಪಡಿಸಲೇಬೇಕಾದರೆ ಮಣ್ಣು ಪರೀಕ್ಷೆ ಮಾಡಿಸಿ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಳತೆ ಕೇಳಿ. ಬೋರಾನ್ ಅನ್ನಂತೂ ಅಂದಾಜಿನಲ್ಲಿ ಹಾಕಲೇಬೇಡಿ, ಬೇಕಾದದ್ದಕ್ಕೂ ವಿಷವಾಗುವುದಕ್ಕೂ ಅಂತರ ತೀರಾ ಕಡಿಮೆ. ಬೆಳಿಗ್ಗೆ ಹೂ ತೆರೆದಿರುವಾಗ ಹೊಡೆಯಬೇಡಿ, ಪರಾಗ ನೆನೆದು ಹಾಳಾಗುತ್ತದೆ, ಜೇನಿಗೂ ತೊಂದರೆ. ಸಂಜೆ ಹೊಡೆಯಿರಿ. ಮತ್ತೆ ಒಂದೇ ಟ್ಯಾಂಕಿಗೆ ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಮೆಗ್ನೀಸಿಯಂ ಸಲ್ಫೇಟ್, ಝಿಂಕ್ ಸಲ್ಫೇಟ್, ಫಾಸ್ಫೇಟ್ ಗೊಬ್ಬರ ಯಾವುದನ್ನೂ ಬೆರೆಸಬೇಡಿ. ಲ್ಯಾಬಿನ ಬಾಟಲಿಯಲ್ಲಿ ಬಂದ ಗಸಿಯೇ ಇಲ್ಲೂ ಬಂದು ನಾಜಲ್ ಕಟ್ಟಿಕೊಳ್ಳುತ್ತದೆ. ಡ್ರಿಪ್ ಲೈನ್ ಆದರೆ ಒಂದನ್ನು ಬಿಟ್ಟು, ಬರೀ ನೀರು ಹರಿಸಿ ಪೈಪ್ ತೊಳೆದು, ಆಮೇಲೆ ಇನ್ನೊಂದನ್ನು ಬಿಡಿ.